ಮೊದಲ ಸಲ ಮಸೆದ ಕತ್ತಿ

ನನ್ನ ಬಲಗೈ ಮುರಿದ ಗಂಡನಿಗೆ,

ಇಷ್ಟು ವರ್ಷ ‘ನೀವು’ ಎಂದು ಕರೆದಿದ್ದೆ. ಇನ್ನು ಆಗದು. ‘ಕುತ್ತಿಗೆಗೆ ಕತ್ತಿ ಇಟ್ಟಳು, ಕುಯ್ಯೋ ಧೈರ್ಯ ಎಲ್ಲಿತ್ತು ಅವಳಿಗೆ’ ಎಂದು ನೀನು ಬೀದಿಯಲ್ಲಿ ನಗಾಡುತ್ತಿದ್ದೀಯಂತೆ. ಅದಕ್ಕೇ ಈ ಪತ್ರ. ಎಡಗೈ ಬರಹ, ಸೊಟ್ಟಗಿದ್ದರೆ ಅದು ನೀನೇ ಮಾಡಿದ ಉಪಕಾರ.

ನನ್ನ ಕೈಯನ್ನು ಬಾಗಿಲ ಸಂದಿಗಿಟ್ಟು ಒದ್ದು ಮುಚ್ಚಿದೆಯಲ್ಲ, ಮೂಳೆ ಲಟಕ್ಕೆಂದದ್ದು ನಿನಗೂ ಕೇಳಿಸಿತ್ತು. ಆಮೇಲೆ ನೀನು ಊಟಕ್ಕೆ ಕೂತೆ. ನಾನು ಅಣ್ಣನ ಕ್ಷೌರದಂಗಡಿಗೆ ಬಂದು ಬಿದ್ದೆ. ಅಣ್ಣನಿಗೆ ಸಮಾಧಾನದ ಮಾತು ಬರುವುದಿಲ್ಲ. ಒಂದಷ್ಟು ದಿನ ನೋಡಿ, ಹಿಂದಿನ ಕೋಣೆಯ ಮೇಜಿನ ಮೇಲೆ ಸಾಣೆಕಲ್ಲು ಇಟ್ಟು ನೀರು ಚಿಮುಕಿಸಿದ. “ಅತ್ತಿದ್ದು ಸಾಕು ಪುಟ್ಟಿ, ಕತ್ತಿ ಮಸೆ” ಎಂದ.

ಕತ್ತಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಬೇಕು. ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗಬೇಕು. ಅಂಚು ಮುಂದಾಗಿ ತಳ್ಳಬೇಕು. ಕಲ್ಲಿನ ತುದಿಗೆ ಬಂದಾಗ ಬೆನ್ನಿನ ಮೇಲೆ ಮಗುಚಬೇಕು, ಅಂಚಿನ ಮೇಲೆ ಮಗುಚಿದರೆ ಮಾಡಿದ್ದೆಲ್ಲ ಹಾಳು. ನಾನಂತೂ ತಳ್ಳಿದಾಗೆಲ್ಲ ನಿನ್ನ ಗಂಟಲು ಕುಯ್ಯುತ್ತಿದ್ದೆ. ಹಲ್ಲು ಕಚ್ಚಿ ಒತ್ತಿದೆ. ಅಣ್ಣ ಆ ಕತ್ತಿಯನ್ನು ತನ್ನ ಕೆನ್ನೆಗೆ ಎಳೆದುಕೊಂಡ, ರಕ್ತ ಗಲ್ಲದವರೆಗೆ ಇಳಿಯಿತು. “ಕತ್ತಿ ಮಸೆ ಅಂದ್ರೆ ಗರಗಸ ಮಾಡಿಟ್ಟಿದ್ದೀಯಲ್ಲೇ! ಮೊದಲು ಆ ದರಿದ್ರದವನನ್ನ ಕಲ್ಲಿನ ಮೇಲಿಂದ ಎಬ್ಬಿಸು. ಒತ್ತಬೇಡ. ಕತ್ತಿ ತನ್ನ ಭಾರಕ್ಕೆ ತಾನು ಹೋಗಲಿ.”

ಸಿಟ್ಟು ಇಳಿಯಲಿಲ್ಲ. ಕೈ ಮಾತ್ರ ಕಲಿಯಿತು. ತೋಳಿನ ಕೂದಲು ತಾಗಿದರೆ ಸಾಕು ಉದುರುವಂತೆ ಮಸೆದು, ಚರ್ಮದ ಪಟ್ಟಿಗೆ ಉಜ್ಜಿ ಎತ್ತಿಟ್ಟ ದಿನವೇ ನೀನು ಬಂದೆ. “ಗಡ್ಡ ಮಾಡು ಭಾವ, ಆಮೇಲೆ ಇವಳನ್ನ ಎಳ್ಕೊಂಡು ಹೋಗ್ತೀನಿ” ಎಂದು ಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದೆ. ನಮ್ಮಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿದೆ: ಹೊಸದಾಗಿ ಮಸೆದ ಕತ್ತಿಯಿಂದ ಮೊದಲ ಗಡ್ಡವನ್ನು ಮಸೆದವರೇ ಮಾಡಬೇಕು. ಅಣ್ಣ ನಿನಗೆ ನೊರೆ ಹಚ್ಚಿ, ಕತ್ತಿಯನ್ನು ನನ್ನ ಎಡಗೈಗಿಟ್ಟು ಹಿಂದೆ ಸರಿದ.

ಒಂದು ಕೆನ್ನೆ ಮುಗಿಯಿತು. “ಇವತ್ತು ಬೆಣ್ಣೆ ಥರ ಹೋಗ್ತಿದೆ ಭಾವ” ಎಂದು ಹೊಗಳಿದ್ದು ನೀನೇ. ಅಲಗು ಗಂಟಲ ಮೇಲೆ ನಿಂತಾಗ ನೀನು ಕಣ್ಣು ಬಿಟ್ಟೆ, ಕನ್ನಡಿಯಲ್ಲಿ ನಾನಿದ್ದೆ. ನಿನಗೆ ಕಿರುಚಲೂ ಆಗದು, ಉಗುಳು ನುಂಗಲೂ ಆಗದು. ನಿನ್ನ ನಾಡಿ ಅಲಗಿನಡಿ ಬಡಿಯುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ನಿನ್ನ ಪ್ಯಾಂಟು ಒದ್ದೆಯಾದದ್ದನ್ನು ಅಣ್ಣನೂ ನೋಡಿದ. ಅದನ್ನೂ ಬೀದಿಯಲ್ಲಿ ಹೇಳಿದೆಯಾ?

ಧೈರ್ಯವಿತ್ತು. ಆಸೆಯೂ ಇತ್ತು. ನಿನ್ನ ರಕ್ತ ಕನ್ನಡಿಗೆ ಚಿಮ್ಮುವುದನ್ನು, ನೀನು ಕುರ್ಚಿಯಿಂದ ಜಾರಿ ನೆಲದ ಕೂದಲಿನಲ್ಲಿ ಹೊರಳುವುದನ್ನು ಮನಸ್ಸಿನಲ್ಲಿ ಪೂರ್ತಿ ನೋಡಿದೆ. ಆದರೆ ಆ ಅಂಚು ನನ್ನದು. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೆರಳೆಲ್ಲ ಕುಯ್ದುಕೊಂಡು, ನಾನು ಈ ಜನ್ಮದಲ್ಲಿ ಸರಿಯಾಗಿ ಮಾಡಿದ ಮೊದಲ ಕೆಲಸ. ಅದನ್ನು ನಿನ್ನ ಕುತ್ತಿಗೆಗೆ ಹಾಕಿ ಹಾಳು ಮಾಡಲು ಮನಸ್ಸು ಬರಲಿಲ್ಲ. ನೀನು ಅರ್ಧ ಗಡ್ಡ ಹೊತ್ತು ಜೀವಂತ ಓಡಿದ್ದು ಅಷ್ಟಕ್ಕೇ.

ಈಗ ಅಂಗಡಿಯ ಕತ್ತಿಗಳನ್ನೆಲ್ಲ ನಾನೇ ಮಸೆಯುತ್ತೇನೆ. ನನ್ನನ್ನು ಎಳೆದುಕೊಂಡು ಹೋಗಬೇಕೆನ್ನಿಸಿದರೆ ಬಾ, ಕುರ್ಚಿ ಖಾಲಿಯಿರುತ್ತದೆ. ಒಂದು ಅಂಚು ಹಾಳಾದರೆ ಈಗ ನನಗೆ ಬೇಸರವಿಲ್ಲ.

ಬರದಿದ್ದರೆ, ಗಡ್ಡ ಬಿಟ್ಟುಕೊಂಡು ನೂರು ಕಾಲ ಬಾಳು.

ಇನ್ನು ನಿನ್ನವಳಲ್ಲದ,
ಕತ್ತಿ ಮಸೆಯುವವಳು