ಯಾರ ಪಾಲಿಗೂ ಸೇರದ ತಾರವ್ವನ ದನಿ

ಗದಗ ಗುಡ್ಡದ ಹಗೇವು,
ಇಸವಿ 2614, ಫೆಬ್ರವರಿ ಮೂವತ್ತು.

ಇನ್ನೂ ಹುಟ್ಟದ ನನ್ನ ಮರಿಮಗಳೇ,

ಫೆಬ್ರವರಿಗೆ ಮೂವತ್ತೆಲ್ಲಿಂದ ಬಂತು ಎಂದು ನಗಬೇಡ. ನಮ್ಮ ಕಾಲದವರು ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದಿದ್ದಾರೆ. ನನ್ನ ಮಾತುಗಳೂ ನಿನಗೆ ವಿಚಿತ್ರವೆನಿಸಿದರೆ ಮುದುಕಿಯೆಂದು ಸಹಿಸಿಕೋ.

ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದ ಕುಣಿ. ನಮ್ಮ ಹಗೇವಿನಲ್ಲಿ ಕಾಳಿಲ್ಲ, ದನಿ, ವಿವರಗಳನ್ನು ತುಂಬಿಟ್ಟ ಟೇಪಿನ ಕಾರ್ಟ್ರಿಜ್‌ಗಳಿವೆ. ಗಾಜಿನಾಚೆ ಗೂಡುಗಳ ಸಾಲು, ಅವುಗಳ ನಡುವೆ ಓಡಾಡುವ ಒಂದೇ ಒಂದು ಯಂತ್ರದ ಕೈ. ಗೂಡುಗಳನ್ನು ಎರಡು ಪಾಲು ಮಾಡಿದ್ದೇವೆ. ಜನರ ದನಿಗಳನ್ನು ಕಾಯುವ ಪಾಲು ನಮ್ಮದು, ಬೀಜಗಳ ವಿವರ ಕಾಯುವವರದು ಇನ್ನೊಂದು. ಕೈ ಒಂದೇ ಆದರೂ ಅವರ ಪಾಲಿನದನ್ನು ನಮಗೆ ಕೊಡದು. ಹೊಸ ಕಾರ್ಟ್ರಿಜ್ ಒಳಹಾಕುವ ಕಿಂಡಿಗೆ ಬಂದರೆ, ಕಿಂಡಿ ಮುಚ್ಚುವುದರೊಳಗೆ ಯಾರಾದರೂ "ನಮ್ಮದು" ಎನ್ನಬೇಕು, ಅಂದವರ ಪಾಲಿಗೆ ಅದು ಸೇರುತ್ತದೆ. ಬೆಳಿಗ್ಗೆ ಎದ್ದು ಗಾಜು ಒರೆಸುತ್ತೇನೆ, ಒಳಗಿನ ತಂಪು ನೋಡುತ್ತೇನೆ, ಸವೆದ ಟೇಪಿನಲ್ಲಿದ್ದದ್ದನ್ನು ಹೊಸದಕ್ಕೆ ಇಳಿಸುತ್ತೇನೆ. ನಡುವೆ ಪುರಸೊತ್ತಾದರೆ ರೊಟ್ಟಿ.

ನನ್ನ ಅಕ್ಕ ತಾರವ್ವ ಉತ್ತರದ ನೆಲೆಯಲ್ಲಿ ಜ್ವರ ಬಂದು ತೀರಿಕೊಂಡಳು. ಸಾಯುವ ಮುಂಚೆ ನನಗೆಂದೇ ಏನೋ ಮಾತಾಡಿ ಟೇಪಿಗೆ ಹಾಕಿಸಿದ್ದಳು. ಅದನ್ನು ಅಷ್ಟು ದೂರದಿಂದ ತಂದವರು ಬೀಜದ ಪಾಲಿನ ಹಿರಿಯರಾದ ಹುಚ್ಚೀರಪ್ಪನವರು. ಸುದ್ದಿ ಕೇಳಿ ನಾನು ಮನೆಯಲ್ಲಿ ಅಳುತ್ತ ಬಿದ್ದಿದ್ದೆ. ಕಿಂಡಿಯ ಹತ್ತಿರ ನಮ್ಮ ಪಾಲಿನ ಪರವಾಗಿ ನಿಂತವನು ಫಕೀರಪ್ಪ ಕಾಕಾ. ಸತ್ತವರ ವಸ್ತುವಿಗೆ "ನಮ್ಮದು" ಎಂದು ಮೊದಲು ಬಾಯಿ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ ನೋಡು.

"ಅಷ್ಟು ದೂರದಿಂದ ಹೊತ್ತು ತಂದೀರಿ, ನೀವ ಹೇಳ್ರಿ" ಎಂದನಂತೆ ಕಾಕಾ.

"ಛೇ ಛೇ, ಮಗಳು ನಿಮ್ಮಾಕಿ. ಮೊದಲ ನೀವ ಹೇಳ್ರಿ" ಎಂದರಂತೆ ಅವರು.

ಹೀಗೆ ಇಬ್ಬರೂ ಉಪಚಾರ ಮಾಡುತ್ತಿರುವಾಗಲೇ ಕಿಂಡಿ ಮುಚ್ಚಿತು. ಕೈ ಅದನ್ನು ಒಯ್ದು ಯಾರದೂ ಅಲ್ಲದ ಗೂಡಿನಲ್ಲಿಟ್ಟಿತು. ಸುಡಲಿ ಅವರ ಮರ್ಯಾದೆ!

ಈಗ ಅದನ್ನು ನಮ್ಮ ಪಾಲಿಗೆ ಸೇರಿಸಬೇಕೆಂದರೆ ಎರಡೂ ಪಾಲಿನ ಕೀಲಿಗಳು ಒಟ್ಟಿಗೆ ತಿರುಗಬೇಕು. ಬೀಜದವರ ಕೀಲಿ ಹುಚ್ಚೀರಪ್ಪನವರ ಜೊತೆ ಉತ್ತರಕ್ಕೆ ಮರಳಿ ಹೋಯಿತು. ಮೂರು ತಲೆಮಾರಿಗೊಮ್ಮೆ ಮಹಾ ಎಣಿಕೆ ಎಂದು ಎಲ್ಲ ಗೂಡುಗಳನ್ನೂ ತೆರೆದು ನೋಡುವ ವರ್ಷ ಬರುತ್ತದೆ, ಆಗಲೇ ಅದು ಮರಳುವುದು. ಬೇಡಿಕೊಂಡು ಹೇಳಿಕಳಿಸಿದೆ, ಎಣಿಕೆಗೆ ಮುಂಚೆ ಕೀಲಿ ತಿರುಗಿಸಬಾರದೆಂಬ ಕಟ್ಟಳೆ ಮುರಿಯಲಾಗದು ಎಂದರು. ಆ ವರ್ಷ ನೀನಿರುತ್ತೀಯ, ನಾನಿರುವುದಿಲ್ಲ.

ದಿನವೂ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತೇನೆ. ಮೇಲಿನ ಸಾಲಿನಲ್ಲಿ ಅದರ ಹಳದಿ ಚೀಟಿ ಕಾಣುತ್ತದೆ. ಕೈ ಅದರ ಮುಂದೆಯೇ ಹಾದುಹೋಗುತ್ತದೆ, ಹಾಳಾದ್ದು, ಒಮ್ಮೆಯೂ ನಿಲ್ಲುವುದಿಲ್ಲ. ಅಕ್ಕ ನನ್ನನ್ನು ಚಂಪಿ ಎನ್ನುತ್ತಿದ್ದಳು. ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲ. ಸಾವಿರಾರು ಜನರ ದನಿ ಕಾಯುವವಳಿಗೆ ಸ್ವಂತ ಅಕ್ಕನ ದನಿಯೇ ಮರೆತುಹೋಗುತ್ತಿದೆ.

ಅವರು ಕೀಲಿ ತಂದ ದಿನ ನೀನು ನಾಚಬೇಡ, "ನೀವು ಮೊದಲು" ಎಂದು ಸರಿದು ನಿಲ್ಲಬೇಡ. ಗಟ್ಟಿಯಾಗಿ "ನಮ್ಮದು" ಎನ್ನು. ಅದನ್ನು ತಂದು ನನ್ನ ಸಮಾಧಿಯ ಬಳಿ ಕೂತು ಜೋರಾಗಿ ಕೇಳಿಸು. ಅವಳು ನನ್ನನ್ನು ಬೈದಿದ್ದರೂ ನಿಲ್ಲಿಸಬೇಡ, ಕೊನೆಯತನಕ ಓಡಲು ಬಿಡು.

ನಿನ್ನ ಮುತ್ತಜ್ಜಿ,
ಚಂಪವ್ವ