ಅಣ್ಣನ ಗಿಟಾರಿನ ಎಡಬಲ

ಭಾನುವಾರ, ಮಾರ್ಚ್ 9

ಪ್ರೀತಿಯ ಅಣ್ಣನಿಗೆ,

ನಿನ್ನ ಕೋರೆಹಲ್ಲಿನ ತಂಗಿಯ ನಮಸ್ಕಾರಗಳು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಕಾಗದ ಬರೆಯುತ್ತೇನೆಂದು ಅತ್ತಿಗೆಗೆ ಮಾತು ಕೊಟ್ಟು ತುಂಬ ದಿನವಾಯಿತು. ತಡವಾದದ್ದಕ್ಕೆ ಎಡಗೈ ಬೆರಳು ಉರಿಯುತ್ತಿದ್ದುದೇ ಕಾರಣ ಎಂದು ಬರೆಯಲು ಹೊರಟಿದ್ದೆ. ನಾನು ಬರೆಯುವುದು ಬಲಗೈಯಲ್ಲಿ ಎಂದು ನೀನು ತಕ್ಷಣ ಹಿಡಿದುಬಿಡುತ್ತೀಯ. ಆದ್ದರಿಂದ ಕಾರಣ ಬೇಡ, ಕ್ಷಮಿಸಿಬಿಡು.

ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ಫೋನ್ ಮಾಡಿದರೆ "ಹ್ಞೂ, ಚೆನ್ನಾಗಿದೀನಿ, ತಾಳು, ಅತ್ತಿಗೆಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ದಾಟಿಸಿದರೂ ಅತ್ತಿಗೆ ನಿನಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ, ಮಾತಾಗಿದೆ.

ಮೊದಲು ಸುದ್ದಿ. ನಾನು ಗಿಟಾರ್ ಕಲಿಯುತ್ತಿದ್ದೇನೆ. ನಗಬೇಡ. ಸರಿ, ನಗು.

ಕಳೆದ ವರ್ಷ ಸ್ಟ್ರೋಕ್ ಆಗಿ ನಿನ್ನ ಎಡಗೈ ಸುಮ್ಮನಾದ ಮೇಲೆ, ಮನೆಯಲ್ಲಿ ಜಾಗ ಇಲ್ಲ ಎಂದು ಹೇಳಿ ನೀನು ಗಿಟಾರನ್ನು ನಮ್ಮಲ್ಲಿಗೆ ಕಳಿಸಿದೆಯಲ್ಲ, ಅದನ್ನು ಬೀರುವಿನ ಪಕ್ಕ ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ನಮ್ಮ ಯಜಮಾನರು ಸೀನಿದರು. ಇವರ ಸೀನು ಹೇಗೆಂದು ನಿನಗೆ ಗೊತ್ತು, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಸೀನಿದ್ದೇ ತಡ, ಮೂಲೆಯಲ್ಲಿದ್ದ ಗಿಟಾರ್ ತಾನೇ 'ಮ್‌ಂ' ಎಂದಿತು. ಇವರು ಕರವಸ್ತ್ರ ಹಿಡಿದವರು ಹಿಡಿದ ಹಾಗೇ ನಿಂತು, "ನೋಡೇ, ನಿಮ್ಮಣ್ಣನ ಗಿಟಾರು ನನಗೆ ನೂರು ವರ್ಷ ಬಾಳು ಅಂತಿದೆ" ಎಂದರು. ಆಮೇಲೆ ಇಡೀ ದಿನ ನನ್ನ ಕಿವಿಯಲ್ಲಿ ಅದೇ 'ಮ್‌ಂ'. ಸಂಜೆ ಕೆಲಸದಿಂದ ಬಂದವಳೇ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ನನಗೆ ನನ್ನ ಕೈಯ ಬಗ್ಗೆ ಎಷ್ಟು ಜಂಬ ಎಂದು ನಿನಗೆ ಗೊತ್ತು. ಲ್ಯಾಬಿನಲ್ಲಿ ಕಷ್ಟದ ಹಲ್ಲುಸೆಟ್ ಬಂದರೆ ನನ್ನ ಮೇಜಿಗೇ ಬರುವುದು. ಮೇಣದಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳಿಗೆ ತಿಳಿಯುತ್ತದೆ. ಇಂಥ ಕೈಗೆ ಆರು ತಂತಿ ಯಾವ ಲೆಕ್ಕ ಎಂದುಕೊಂಡೆ. ಫೋನಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಶುರು ಮಾಡಿದೆ. ನೀವು ಕಾರ್ಡ್ ಅನ್ನುತ್ತೀರಲ್ಲ, ಎರಡು ಮೂರು ಬೆರಳು ಒಟ್ಟಿಗೆ ಒತ್ತಿ ತಂತಿಗಳನ್ನೆಲ್ಲ ಒಮ್ಮೆಗೇ ಬಾರಿಸುವುದು, ಅದರಲ್ಲಿ ಅತಿ ಸುಲಭದ್ದು ಎಂದು ವಿಡಿಯೋದವನು ಹೇಳಿದ್ದನ್ನು ಹಿಡಿದೆ. ಬಾರಿಸಿದೆ. ತಗಡಿನ ಡಬ್ಬಕ್ಕೆ ಚಮಚ ಹಾಕಿ ಕುಲುಕಿದ ಹಾಗಾಯಿತು.

ತಂತಿ ಸಡಿಲವಾಗಿರಬಹುದೆಂದು ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿ ನೋಡಿದೆ. ಒಂದೊಂದೇ ತಂತಿ ಮೀಟಿದರೆ ಆರಕ್ಕೂ ಹಸಿರು ದೀಪ, ಎಲ್ಲ ಸರಿಯಿದೆ ಎಂದು. ಹಾಗಾದರೆ ಸರಿಯಿಲ್ಲದ್ದು ನಾನೇ ಎಂದಾಯಿತು.

ಆಮೇಲಿನ ವಾರಗಳ ಕಥೆ ಕೇಳಬೇಡ. ಬೆರಳ ತುದಿಯಲ್ಲಿ ತಂತಿಯ ಗೆರೆ, ಪಾತ್ರೆ ತೊಳೆಯಲು ಹೋದರೆ ಉರಿ. ಎಷ್ಟು ಒತ್ತಿದರೂ ಅದೇ ಡಬ್ಬದ ಸದ್ದು. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ಹೊಲಿಗೆ ಮಿಷನ್ ತಗೊಂಡ್ರಾ? ಸ್ವಲ್ಪ ಎಣ್ಣೆ ಬಿಡಿ" ಎಂದರು. ಇವರು ಪಾಪ ಸಂಜೆ ವಾಕಿಂಗ್ ಹೋಗುವುದನ್ನು ಶುರು ಮಾಡಿದರು, ಅಷ್ಟೆ. ಮದುವೆಯಾದ ಮೇಲೆ ಇವರು ನಡೆದದ್ದೆಲ್ಲ ಕೂಡಿದರೂ ಈ ಚಳಿಗಾಲದಷ್ಟು ಆಗುವುದಿಲ್ಲ. ಹೊಟ್ಟೆ ಕರಗಿದೆ.

ಒಂದು ದಿನ ಸಿಟ್ಟು ಬಂದು ಗಿಟಾರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಮಾರನೆಯ ದಿನ ಲ್ಯಾಬಿಗೆ ಒಬ್ಬ ಅಜ್ಜಿ ಹೊಸ ಹಲ್ಲುಸೆಟ್ಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದು, "ತಗೊಳ್ಳಮ್ಮ, ನನಗೆ ಬೇಡ ಇದು. ಬಾಯೊಳಗೆ ಯಾರೋ ಬಾಡಿಗೆಗೆ ಬಂದು ಕೂತ ಹಾಗಿದೆ" ಎಂದರು. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. "ದಿನಾ ಸ್ವಲ್ಪ ಹೊತ್ತು ಹಾಕ್ಕೊಳ್ಳಿ ಅಜ್ಜಿ. ಮೊದಲು ಮೆತ್ತಗಿರೋದು ಅಗಿಯಿರಿ. ನೋವು ಒಂದೇ ಜಾಗದಲ್ಲಿ ನಿಂತ್ರೆ ಮಾತ್ರ ನನಗೆ ತಂದು ತೋರಿಸಿ. ಆಗ ತಪ್ಪು ನಿಮ್ಮ ಬಾಯಿದಲ್ಲ, ಸೆಟ್ಟಿಂದು." ಪಕ್ಕದ ಮೇಜಿನ ಹುಡುಗಿ ಪ್ಲಾಸ್ಟರ್ ಕಲಸುತ್ತ, ತಲೆ ಎತ್ತದೆ, "ಅಕ್ಕಾ, ಗಿಟಾರನ್ನೂ ಯಾರಿಗಾದ್ರೂ ತೋರಿಸಬಾರದಾ?" ಎಂದಳು.

ತೋರಿಸಿದೆ. ಸೈಕಲ್ ಅಂಗಡಿಯ ಮಹಡಿಯಲ್ಲಿ ಒಬ್ಬರು ಪಾಠ ಹೇಳುತ್ತಾರೆ. ಹಿಂದೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರಂತೆ. ದಪ್ಪ ಮನುಷ್ಯ, ಬೋಳುತಲೆ, ಕೆಳಗೆ ಟೈರಿಗೆ ಗಾಳಿ ಹಾಕುವ ಸದ್ದಾದಾಗಲೆಲ್ಲ ಪಾಠ ನಿಲ್ಲಿಸುತ್ತಾರೆ. ಎಲ್ಲರನ್ನೂ ಮರಿ ಎನ್ನುತ್ತಾರೆ, ನಲವತ್ತಾರು ವರ್ಷದ ನನ್ನನ್ನೂ.

"ಎಲ್ಲಿ, ಹಿಡಿ ಮರಿ" ಎಂದರು. ಹಿಡಿದೆ. ಬಾರಿಸು ಎನ್ನಲೇ ಇಲ್ಲ. ಬಗ್ಗಿ, ಗಿಟಾರಿನ ಮೇಲ್ಭಾಗದ ಮರದಲ್ಲಿದ್ದ ಗೀರುಗಳ ಮೇಲೆ ಬೆರಳಾಡಿಸಿದರು.

"ಬಾರಿಸೋ ಕೈ ತಾಗಿ ಬಿದ್ದ ಗೀರು ಇದು, ತಂತಿಗಿಂತ ಕೆಳಗಿರಬೇಕಿತ್ತು. ಮೇಲೆ ಹೆಂಗೆ ಬಂತು? ಯಾರದಿದು?"

"ನಮ್ಮಣ್ಣಂದು."

"ಅಣ್ಣ ಎಡಚರಾ?"

ಅಣ್ಣಾ, ಆ ಮಹಡಿಯಲ್ಲಿ ನನ್ನ ಮುಖವನ್ನು ನೀನು ನೋಡಬೇಕಿತ್ತು. ನೀನು ಎಡಗೈಯಲ್ಲಿ ಉಣ್ಣುವುದನ್ನು, ಬರೆಯುವುದನ್ನು, ನನ್ನ ತಲೆಗೆ ಮೊಟಕುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ನಿನ್ನ ಗಿಟಾರಿಗೆ ತಂತಿಯನ್ನು ಎಡಗೈಯವರ ಹಾಗೆ ತಿರುಗಾಮುರುಗಾ ಕಟ್ಟಿದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ನಾನು ಹಿಡಿದಾಗ ತೆಳು ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಹಾಗಿದ್ದ ಮೇಲೆ ವಿಡಿಯೋದವನ ಕಾರ್ಡ್ ಎಲ್ಲಿಂದ ಬರಬೇಕು? ಲ್ಯಾಬಿನಲ್ಲಿ ಪ್ರತಿ ಅಚ್ಚಿಗೂ ಮೊದಲು ಎಡ, ಬಲ ಎಂದು ಗುರುತು ಹಾಕಿಯೇ ಕೆಲಸ ಹಿಡಿಯುವ ಹೆಂಗಸು ನಾನು! ಮೇಷ್ಟರು ಬೆಂಚು ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಕೆಟ್ಟದ್ದು ನನ್ನ ಕೈಯಲ್ಲ ಎಂದು ತಿಳಿದಾಗ ಆಗುವ ನೆಮ್ಮದಿಯೇ ಬೇರೆ.

ಯಾಕೆ ಹೊಳೆಯಲಿಲ್ಲ ಎಂದು ಬಸ್ಸಿನಲ್ಲಿ ಬರುತ್ತ ತಿಳಿಯಿತು. ಚಿಕ್ಕಂದಿನಲ್ಲಿ ನೀನು ಮೆಟ್ಟಿಲ ಮೇಲೆ ಕುಳಿತು ನುಡಿಸುವಾಗ ನಾನು ಯಾವಾಗಲೂ ಎದುರಿಗೆ, ನೆಲದ ಮೇಲೆ ಕೂರುತ್ತಿದ್ದೆ. ಗಿಟಾರಿನ ಕತ್ತು ನಿನ್ನ ಬಲಕ್ಕೆ, ಎಂದರೆ ನನ್ನ ಕಣ್ಣಿಗೆ ಎಡಕ್ಕೆ. ಈಗ ನಾನು ಹಿಡಿದಾಗಲೂ ಕತ್ತು ಎಡಕ್ಕೇ ಇತ್ತು. ಕನ್ನಡಿಯಲ್ಲಿ ನೋಡಿದ್ದನ್ನು ಕನ್ನಡಿಯಂತೆಯೇ ಹಿಡಿದಿದ್ದೆ. ಎಲ್ಲ ನೆನಪಿನಲ್ಲಿದ್ದ ಹಾಗೇ ಇದ್ದುದರಿಂದ ಸಂಶಯವೇ ಬರಲಿಲ್ಲ.

ಅಲ್ಲಿ ಮಹಡಿಯಲ್ಲಿ ಮೇಷ್ಟರು, "ತಂತಿ ಬಿಚ್ಚಿ ಬಲಗೈಗೆ ಕಟ್ಟಿಕೊಡ್ತೀನಿ, ಟೀ ಕುಡಿಯೋಷ್ಟು ಹೊತ್ತಿನ ಕೆಲಸ" ಎಂದು ಆಗಲೇ ಕೈ ಹಾಕಿದ್ದರು. ಬೇಡ ಎಂದೆ. ಒಬ್ಬರ ಬಾಯಿಗೆ ಕಟ್ಟಿದ ಹಲ್ಲನ್ನು ಇನ್ನೊಬ್ಬರಿಗೆ ತಿದ್ದಿ ಕೊಡು ಎಂದರೆ ನಾನು ಒಪ್ಪುತ್ತೇನೆಯೇ? "ಇದು ಅಣ್ಣನ ಕೈಗೆ ಕಟ್ಟಿದ್ದು ಸರ್, ಹಾಗೇ ಇರಲಿ." ಅವರು ಮೂಲೆಯಿಂದ ಕ್ಲಾಸಿನ ಹಳೇ ಗಿಟಾರ್ ತಂದು ಕೊಟ್ಟರು. "ಇದರಲ್ಲಿ ಕಲಿ. ಇದು ಯಾರ ಮಾತೂ ಕೇಳಲ್ಲ, ಎಲ್ಲರಿಗೂ ಒಂದೇ."

ಹೊಸದಾಗಿ ಮೊದಲಿನಿಂದ ಶುರು. ಆದರೆ ಒಂದು ವಿಚಿತ್ರ ನೋಡು. ಬೆರಳು ಎಲ್ಲಿಡಬೇಕೆಂದು ಮಾತ್ರ ಕಲಿಯಬೇಕಾಯಿತು. ನೋವು ಆಗಲೇ ಮುಗಿದಿತ್ತು. ನಿನ್ನ ಗಿಟಾರ್ ಅಷ್ಟು ದಿನ ನನ್ನನ್ನು ಬೈದು ಬೈದು ಬೆರಳ ತುದಿಯನ್ನು ಗಟ್ಟಿ ಮಾಡಿ ಕಳಿಸಿತ್ತು. ಎಷ್ಟು ಗಟ್ಟಿ ಎಂದರೆ ಈಗ ಮೇಣ ನುಣುಪಾಗಿದೆಯೇ ಎಂದು ಎಡಗೈಯಲ್ಲಿ ಗೊತ್ತಾಗುವುದಿಲ್ಲ, ಬಲಗೈಯಲ್ಲಿ ಸವರಿ ನೋಡುತ್ತೇನೆ. ಹೋದ ಮಂಗಳವಾರ ಮೊದಲ ಬಾರಿ ಆರೂ ತಂತಿ ಒಟ್ಟಿಗೆ, ಶುದ್ಧವಾಗಿ ನುಡಿದವು. ಕೆಳಗೆ ಗಾಳಿ ಹಾಕುತ್ತಿದ್ದವನು ಪಂಪು ನಿಲ್ಲಿಸಿದ. ನನ್ನನ್ನು ಕೇಳಲೆಂದೋ, ಟೈರು ತುಂಬಿತೆಂದೋ ಗೊತ್ತಿಲ್ಲ. ನಾನಂತೂ ಮೊದಲನೆಯದನ್ನೇ ನಂಬಿದ್ದೇನೆ.

ಎಡಗೈ ಇನ್ನೂ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ದಾರಿ ತಪ್ಪುತ್ತದೆ. ಬಲಗೈ ಮಾತ್ರ ಪರವಾಗಿಲ್ಲವಂತೆ. "ನಿನ್ನ ಬಾರಿಸೋ ಕೈಯಲ್ಲಿ ತಾಳ ಮೊದಲೇ ಕೂತಿದೆ ಮರಿ, ಯಾರ ಹತ್ರ ಕಲಿತೆ?" ಎಂದರು ಮೇಷ್ಟರು. ನೆಲದ ಮೇಲೆ ಕೂತು ಕಲಿತೆ ಎಂದೆ.

ಇವರು ನಮಸ್ಕಾರ ತಿಳಿಸಿದ್ದಾರೆ. ವಾಕಿಂಗ್ ನಿಂತಿದೆ, ಹೊಟ್ಟೆ ವಾಪಸು ಬರುತ್ತಿದೆ. ಫಿಜಿಯೋಥೆರಪಿಯ ಹುಡುಗನನ್ನು ನೀನು ಬಾಗಿಲಿಂದಲೇ ಕಳಿಸಿಬಿಟ್ಟೆ ಎಂದು ಕೇಳಿದೆ. ಪಾಪ, ಅವನನ್ನು ಒಳಗೆ ಕರೆ. ಬೈಯಬೇಕಿದ್ದರೆ ನನ್ನನ್ನು ಬೈ, ನನಗೆ ಅಭ್ಯಾಸವಿದೆ. ಅತ್ತಿಗೆಗೆ ನನ್ನ ನಮಸ್ಕಾರ. ಚಿಕ್ಕವಳು ನಿನ್ನನ್ನು ಹರಸುವ ಹಾಗಿಲ್ಲ. ನಿನ್ನ ಆಶೀರ್ವಾದ ಮಾತ್ರ ನನಗಿರಲಿ.

ನಿನ್ನ
ಕೋರೆ

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಗಿಟಾರ್ ಕಲಿಯುತ್ತಿದ್ದೇನೆ ಎಂದು ಹೋದ ತಿಂಗಳು ಅತ್ತಿಗೆಗೆ ಹೇಳಿದಾಗ ಅವರು ಅತ್ತರು. ಜಾಗ ಇಲ್ಲದ್ದಕ್ಕೆ ನೀನು ಅದನ್ನು ಕಳಿಸಿದ್ದಲ್ಲವಂತೆ. "ತಂಗಿ ಮನೆಗೇ ಕಳಿಸು. ಅವಳು ಮುಟ್ಟೋದೇ ಇಲ್ಲ. ಬೇರೆ ಯಾರೋ ನುಡಿಸೋದು ನನ್ನ ಕಿವಿಗೆ ಬೀಳಬಾರದು" ಎಂದೆಯಂತೆ. ಅದನ್ನು ಕೇಳಿ ಒಂದಷ್ಟು ದಿನ ನಾನು ಕ್ಲಾಸಿಗೆ ಹೋಗಲಿಲ್ಲ. ನೀನು ಸುಮ್ಮನಿರಲಿ ಎಂದು ಕಳಿಸಿದ್ದನ್ನು ನಾನು ಎಬ್ಬಿಸಿ ಕೂರಿಸಿದ್ದೆ. ತಿರುಗಿ ಹೋದದ್ದು ಅತ್ತಿಗೆ ಹೇಳಿದ ಇನ್ನೊಂದು ಮಾತಿನಿಂದ. ಟಿವಿ ನೋಡುವಾಗ ನಿನ್ನ ಬಲಗೈ ಬೆರಳುಗಳು ಕುರ್ಚಿಯ ಕೈಮೇಲೆ ಓಡಾಡುತ್ತಿರುತ್ತವಂತೆ, ಒತ್ತುತ್ತ, ಬಿಡುತ್ತ. ನಿನಗೇ ಗೊತ್ತಿಲ್ಲವಂತೆ.

ಅಣ್ಣಾ, ತಂತಿ ಒತ್ತುವ ನಿನ್ನ ಕೈಗೆ ಏನೂ ಆಗಿಲ್ಲ. ಸುಮ್ಮನಾಗಿರುವುದು ಬಾರಿಸುವ ಕೈ. ನಾನು ಇವರ ತೊಡೆಯ ಮೇಲೆ ನಿನ್ನ ಗಿಟಾರನ್ನು ನೀನು ಹಿಡಿಯುವ ಹಾಗೆ ಇಟ್ಟು ನೋಡಿದೆ. ಇವರು ಬೇರೆಯವರ ಮಗುವನ್ನು ಹಿಡಿದ ಹಾಗೆ ಹಿಡಿದಿದ್ದರು. ಇವರ ಎಡಗಡೆ ಒತ್ತಿ ಕುಳಿತರೆ ನನ್ನ ಬಲಗೈ ಸರಿಯಾಗಿ ನಿನ್ನ ಎಡಗೈಯ ಜಾಗಕ್ಕೆ ಬರುತ್ತದೆ. ಆಗ ತಂತಿಗಳೂ ನನಗೆ ಸರಿಯಾಗಿಯೇ ಇರುತ್ತವೆ, ದಪ್ಪದ್ದು ಮೇಲೆ. ಮೆಟ್ಟಿಲ ಮೇಲೆ ಕುಳಿತು ನೀನೇ ಕಟ್ಟಿದ, ಮಾತಿಲ್ಲದ ಆ ಹಾಡಿನ ತಾಳ ನನಗೆ ಬಾಯಿಪಾಠ. ಬೆರಳು ಎಲ್ಲಿಡಬೇಕೆಂದು ನಿನಗೊಬ್ಬನಿಗೇ ಗೊತ್ತು.

ಬರುವ ಭಾನುವಾರ ಅದನ್ನು ತೆಗೆದುಕೊಂಡು ಬರುತ್ತೇವೆ. ಬೇಡವೆಂದರೆ ಅತ್ತಿಗೆಯ ಕೈಲಿ ಹೇಳಿಸಬೇಡ, ನೀನೇ ಫೋನ್ ಮಾಡು. ಮಾಡದಿದ್ದರೆ, ನಿನ್ನ ಎಡಗಡೆ ನನಗೊಂದು ಕುರ್ಚಿ ಹಾಕಿಸಿಡು.