ಹೆಸರಿನ ಮುಂದಿನ ಶಿಲುಬೆ

ಪ್ರ್ವಾಚಿನಾ
14 ನವೆಂಬರ್ 1993, ಭಾನುವಾರ

ನನ್ನ ತಮ್ಮ ಸಿಲ್ವೊಗೆ,

ಮಂಡಿ ನೋವು ಹೇಗಿದೆ? ಟ್ರಿಯೆಸ್ತೆಯಲ್ಲೂ ಬುರ್ಯಾ ಗಾಳಿ ಎದ್ದಿರಬೇಕು. ಬಂದರಿನ ಕಡೆ ಹೋಗುವಾಗ ಕುತ್ತಿಗೆಗೆ ಏನಾದರೂ ಸುತ್ತಿಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ನನ್ನ ಮಿರ್ಕೊ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಅರ್ಧ ಬ್ರೆಡ್ಡು ಕೇಳುವುದನ್ನು ಕಲಿತೆ. ಅದೂ ಮೂರನೆಯ ದಿನಕ್ಕೆ ಕಲ್ಲಾಗುತ್ತದೆ. ಸತ್ತವರ ಹಬ್ಬಕ್ಕೆ ಅಪ್ಪ, ಅಮ್ಮ, ನನ್ನ ಗಂಡ ಮೂವರಿಗೂ ನಾನೊಬ್ಬಳೇ ಮೇಣದಬತ್ತಿ ಹಚ್ಚಿದೆ. ಗಾಳಿಗೆ ಒಂದೂ ನಿಲ್ಲಲಿಲ್ಲ. ಕೈ ಅಡ್ಡ ಹಿಡಿಯುವುದಕ್ಕೆ ಇನ್ನೊಬ್ಬರು ಬೇಕಿತ್ತು.

ಸುದ್ದಿ ಏನೆಂದರೆ, ನಮ್ಮಮ್ಮನ ಹಾಗೆ ಈಜಿಪ್ಟಿಗೆ ದುಡಿಯಲು ಹೋದ ನಮ್ಮೂರ ಹೆಂಗಸರ ಪಟ್ಟಿಯೊಂದನ್ನು ಶಾಲೆಯವರು ಮಾಡುತ್ತಿದ್ದಾರೆ. ಪ್ರತಿ ಮನೆಯಿಂದಲೂ ತಾರೀಖುಗಳು ಬೇಕಂತೆ: ಹುಟ್ಟಿದ್ದು, ಹಡೆದದ್ದು, ಹೋದದ್ದು, ಬಂದದ್ದು. ಗುರುವಾರ ಚರ್ಚಿಗೆ ಹೋಗಿ ಜ್ಞಾನಸ್ನಾನದ ಹಳೆಯ ಪುಸ್ತಕ ತೆಗೆಸಿದೆ. ಹೊಸ ಪಾದ್ರಿ ಬ್ಲಾಜ್ ನನ್ನ ಪಕ್ಕದಲ್ಲೇ ಕೂತು ಲ್ಯಾಟಿನ್ ಓದಿ ಹೇಳಿದರು. ನಿನ್ನ ಸಾಲು ಬೇಗ ಸಿಕ್ಕಿತು. ಸಿಲ್ವೆಸ್ಟರ್, 1931 ಫೆಬ್ರವರಿ 3, ತಂದೆ ಲೋಯ್ಜೆ, ತಾಯಿ ಫೆಲಿಚಿತಾ. ಹೆಸರಿನ ಮುಂದೆ ಒಂದು ಪುಟ್ಟ ಶಿಲುಬೆ, ಅದರ ಪಕ್ಕ 5 ಎಂಬ ಅಂಕಿ. ಏನೋ ಆಶೀರ್ವಾದದ ಗುರುತಿರಬೇಕು ಅಂದುಕೊಂಡೆ. ಪಾದ್ರಿ ತಲೆ ಎತ್ತದೆ, "ಇದು ಹೋದವರ ಗುರುತು ದಾನಿಲಮ್ಮ. ಮಗು ಎರಡೇ ದಿನ ಇತ್ತು" ಎಂದರು. ನನಗೆ ನಗು ಬಂತು. ಆ ಮಗುವಿಗೆ ಈಗ ಅರವತ್ತೆರಡು, ಟ್ರಿಯೆಸ್ತೆಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆ, ಅಕ್ಕನ ಫೋನ್ ಮಾತ್ರ ಎತ್ತುವುದಿಲ್ಲ ಎಂದೆ. ಬರೆಯುವವರು ಸಾಲು ತಪ್ಪಿ ಗುರುತು ಹಾಕುವುದುಂಟಂತೆ. ಹಾಗಾದರೆ ಇದು ಯಾವ ಮಗುವಿನ ಶಿಲುಬೆಯೋ ನೋಡೋಣ ಎಂದು ಅವರು ಹಾಳೆ ತಿರುಗಿಸಿದರು.

ಫೆಬ್ರವರಿ 8ರಂದು ಇನ್ನೊಬ್ಬ ಸಿಲ್ವೆಸ್ಟರ್. ತಂದೆಯ ಜಾಗದಲ್ಲಿ ಬರೀ ಒಂದು ಗೆರೆ. ತಾಯಿ ಅಮಾಲಿಯಾ, ಮನೆಗೆಲಸದವಳು. ಇಲ್ಲಿ ಶಿಲುಬೆ ಇದ್ದದ್ದು ಮಗುವಿನ ಹೆಸರಿಗಲ್ಲ, ಅವಳ ಹೆಸರಿಗೆ. ಜ್ಞಾನಸ್ನಾನ ಮಾಡಿಸಿದ್ದು ಪಾದ್ರಿಯಲ್ಲ, ಸೂಲಗಿತ್ತಿ, ಅದೂ ಮನೆಯಲ್ಲೇ. ಮಗು ಉಳಿಯುವ ಭರವಸೆ ಇಲ್ಲದಾಗ ಹಾಗೆ ಮಾಡುತ್ತಿದ್ದರು. ಜ್ಞಾನತಾಯಿ ಯಾರು ಅಂತೀಯ? ನಮ್ಮ ಅಮ್ಮ. ಹಡೆದು ಐದೇ ದಿನವಾಗಿದ್ದ ಬಾಣಂತಿ ಹೊಸಿಲು ದಾಟಿ ಇನ್ನೊಬ್ಬಳ ಮಗುವನ್ನು ಎತ್ತಿ ಹಿಡಿದಿದ್ದಾಳೆ. ಏಕೆ ಎಂಬುದನ್ನು ಪುಸ್ತಕ ಹೇಳಲಿಲ್ಲ.

ಹೇಳಿದವಳು ಪಕ್ಕದ ಮನೆಯ ಪೆಪೀನತ್ತೆ. ಎಂಬತ್ತನಾಲ್ಕಾದರೂ ನೆನಪು ಗಟ್ಟಿ. ಹುರುಳಿಕಾಯಿ ಬಿಡಿಸುತ್ತಲೇ, "ಊರಿಗೆಲ್ಲ ಗೊತ್ತಿತ್ತು ಕಣೆ, ನಿಮ್ಮಿಬ್ಬರನ್ನ ಬಿಟ್ಟು" ಎಂದಳು. ಅಮಾಲಿಯಾ ಟ್ರಿಯೆಸ್ತೆಯಲ್ಲಿ ಯಾರದೋ ಮನೆಯಲ್ಲಿ ಕೆಲಸಕ್ಕಿದ್ದವಳು. ಬಸುರಿ ಎಂದು ತಿಳಿದೊಡನೆ ಹೊರಗೆ ಹಾಕಿದರಂತೆ. ಊರಿಗೆ ಬಂದು, ಆಸರೆ ಕೊಟ್ಟ ಪೆಪೀನತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಹಡೆದು, ಅಂದೇ ಸತ್ತಳು. "ನಿಮ್ಮಮ್ಮನ ಮಗು ಮಣ್ಣಿಗೆ ಹೋಗಿ ಮೂರು ದಿನ. ಎದೆಹಾಲು ಕಟ್ಟಿ ಕಲ್ಲಾಗಿತ್ತು. ಈ ಕಡೆ ಮಗು ಅಳೋದು ಕೇಳಿಸ್ತು. ಶಾಲು ಹೊದ್ದು ಹಿತ್ತಲಿಂದ ಬಂದ್ಲು, ಯಾರನ್ನೂ ಕೇಳಲಿಲ್ಲ. ಹೆಸರೇನಿಡೋಣ ಅಂತ ಸೂಲಗಿತ್ತಿ ಅಂದಾಗ ಸಿಲ್ವೆಸ್ಟರ್ ಅಂದ್ಲು."

ಆ ಮಗು ನೀನು. ಅಪ್ಪ ಮೊದಲ ಮಗು ಹುಟ್ಟಿದ್ದನ್ನು ಕಚೇರಿಯಲ್ಲಿ ಬರೆಸಿದ್ದ, ಸತ್ತದ್ದನ್ನು ಬರೆಸಲೇ ಇಲ್ಲ. ಆ ಜನನಪತ್ರ ನಿನ್ನದಾಯಿತು. ಇಷ್ಟು ವರ್ಷ ನೀನು ಆಚರಿಸಿದ್ದು ಎರಡು ದಿನ ಬದುಕಿದವನ ಹುಟ್ಟುಹಬ್ಬ.

1949ರಲ್ಲಿ ಅಮ್ಮ ಹಿಂದಿರುಗಿದ ದಿನ ಬಾಗಿಲಲ್ಲಿ ನಿಂತು ನೀನು ಅಂದದ್ದು ನೆನಪಿದೆಯೇ? "ನನ್ನ ಪಾಲಿನ ಹಾಲನ್ನ ಅಲೆಕ್ಸಾಂಡ್ರಿಯಾದಲ್ಲಿ ಮಾರ್ಕೊಂಡು ಬಂದೋಳು." ಅವಳು ಪೆಟ್ಟಿಗೆ ಇಳಿಸಿ ಒಲೆ ಹಚ್ಚಲು ಹೋದಳು. ಅವಳ ಮಣ್ಣಿಗೂ ನೀನು ಬರಲಿಲ್ಲ. ಈಗ ಕೇಳು. ನೀನು ಹುಟ್ಟಿದ ವರ್ಷ ಕಲ್ಲಿನ ಗಣಿಯಲ್ಲಿ ಅಪ್ಪನ ಕಾಲು ಜಜ್ಜಿಹೋಗಿತ್ತು. ಅಲೆಕ್ಸಾಂಡ್ರಿಯಾದ ದೊಡ್ಡ ಮನೆಯೊಂದಕ್ಕೆ ಹಾಲೂಡಿಸುವವಳು ಬೇಕೆಂದು ಮಾರ್ಚಿನಲ್ಲೇ ಹೇಳಿ ಕಳಿಸಿದ್ದರಂತೆ. ಅಮ್ಮ ಹೋಗಲಿಲ್ಲ. ಅಕ್ಟೋಬರ್‌ವರೆಗೆ ನಿನಗೆ ಕುಡಿಸಿ, ಎದೆ ಬತ್ತಿದ ಮೇಲೆ, ಮಕ್ಕಳನ್ನು ಎತ್ತಿ ಆಡಿಸುವ ಆಳಾಗಿ ಹಡಗು ಹತ್ತಿದಳು. ಅವಳ ಹಾಲು ಅಲೆಕ್ಸಾಂಡ್ರಿಯಾವನ್ನು ನೋಡಲೇ ಇಲ್ಲ ಸಿಲ್ವೊ. ಅಷ್ಟನ್ನೂ ನೀನೇ ಕುಡಿದೆ.

ಅಮ್ಮ ಕೊನೆವರೆಗೂ ಏಕೆ ಹೇಳಲಿಲ್ಲ ಎಂದು ನಾನು ಪೆಪೀನತ್ತೆಯ ಮೇಲೆ ರೇಗಿದೆ. "ನಾನೂ ಕೇಳಿದ್ದೆ" ಎಂದಳು. "ಹೇಳಿದ್ರೆ ಅವನಿಗೆ ತಾಯಿಯೇ ಇಲ್ಲ ಅಂತಾಗುತ್ತೆ, ಬೈಯೋಕಾದ್ರೂ ಒಬ್ಬಳು ಇರಲಿ ಅಂದ್ಲು."

ಮನೆಗೆ ಬಂದು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದೆ. ಕರುಳುಬಳ್ಳಿ ಹುಡುಕಲು ಹೋಗಿ, ಉಳಿದಿದ್ದ ಒಬ್ಬ ತಮ್ಮನನ್ನೂ ಕಳೆದುಕೊಂಡು ಬಂದ ಹಾಗಾಯಿತು. ಆದರೆ ಮೂರು ವರ್ಷದವಳಾಗಿದ್ದಾಗ ನಿನ್ನ ತೊಟ್ಟಿಲು ತೂಗಿದ್ದು ನಾನೇ. ಅದನ್ನು ಯಾವ ಪುಸ್ತಕವೂ ಬರೆದುಕೊಂಡಿಲ್ಲ. ಶಾಲೆಯವರ ಹಾಳೆಯಲ್ಲಿ ಮಕ್ಕಳು ಎಂದಿದ್ದ ಕಡೆ ಎರಡು ಹೆಸರು ಬರೆದೆ: ದಾನಿಲಾ, ಸಿಲ್ವೆಸ್ಟರ್. ಮರುದಿನ ಪಾದ್ರಿಗೆ ತೋರಿಸಿದೆ. ಓದಿ ನೋಡಿದರು, ತಿದ್ದಲಿಲ್ಲ.

ಪೆಪೀನತ್ತೆ ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಹೇಳಿದಳು. ದೇವರ ಕೈ ನಿನ್ನ ಮೇಲಿರಲಿ.

ನಿನ್ನ ಅಕ್ಕ (ಬೇರೆ ಏನೆಂದು ಬರೆಯಲಿ?)
ದಾನಿಲಾ

ತಾ.ಕ. ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದೆ. ಅಮಾಲಿಯಾಳ ತಂಗಿ ಎಲ್ವೀರಾ ಇನ್ನೂ ಬದುಕಿದ್ದಾಳೆ. ಎಪ್ಪತ್ತೆಂಟು ವರ್ಷ, ನಿನ್ನ ಟ್ರಿಯೆಸ್ತೆಯಲ್ಲೇ, ಗುಡ್ಡದ ಮೇಲೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮದಲ್ಲಿ. ವಿಳಾಸ ಹಿಂಬದಿಯಲ್ಲಿದೆ. ಪ್ರತಿ ಕ್ರಿಸ್‌ಮಸ್‌ಗೆ ಪೆಪೀನತ್ತೆಗೆ ಕಾರ್ಡು ಹಾಕಿ, ಮಗು ಹೇಗಿದೆ ಎಂದು ಕೇಳುತ್ತಾಳಂತೆ. ನಿನಗೆ ರಕ್ತದವರು ಸಿಕ್ಕಿಬಿಟ್ಟರೆ ನಾನು ಯಾರು ಎಂಬ ಹೆದರಿಕೆಗೆ ಇದನ್ನು ಮುಚ್ಚಿಡಬೇಕೆಂದಿದ್ದೆ. ಭೇಟಿಯ ಹೊತ್ತು ಭಾನುವಾರ ಎರಡರಿಂದ ನಾಲ್ಕು. ಹೋಗು. ಅವಳಿಗೆ ಕಿವಿ ಮಂದವಂತೆ, ಹೆಸರು ಜೋರಾಗಿ ಹೇಳು.